ಗೋಡೆಯಾಚೆಯ ಉತ್ತರ

ನನ್ನ ಅಪ್ಪ ಪಾಲಣ್ಣ ತೀರಿಕೊಂಡು ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ಅವನ ಹಾಡಿಗೆ ವಾರಸುದಾರರು ಹುಟ್ಟಿಕೊಂಡರು. ನಮ್ಮ ದನ ಮೇಯುವ ಕಾವಲಿನ ಹುಲ್ಲುಗಾವಲನ್ನು ಸರ್ಕಾರ ಗೋಡೆ ಕಟ್ಟಿ ಮುಚ್ಚಿದಾಗಿನಿಂದ ಚಳ್ಳಕೆರೆಯ ಪ್ರತಿ ಧರಣಿಯಲ್ಲೂ ಅಪ್ಪನೇ ಹಾಡುತ್ತಿದ್ದ. “ಹಿಂದೆ ಯಾರಣ್ಣ?” ಎಂದು ಅವನು ಕೂಗಿದರೆ, “ನಾ ಇದ್ದೀನಿ, ನೀ ನಡಿ” ಎಂದು ಜನ ಓಗೊಡಬೇಕು. ದನಿ ಸಣ್ಣಗಾದರೆ ಅವನಿಗೆ ಕೆಟ್ಟ ಸಿಟ್ಟು. “ಇನ್ನೂ ಜೋರಾಗಿ!” ಎಂದು ಎದೆ ಬಡಿದುಕೊಂಡು ರೇಗುತ್ತಿದ್ದ.

ಮೊಳಕಾಲ್ಮೂರಿನ ನಾಗೇಂದ್ರಪ್ಪ ಮೇಷ್ಟ್ರು, ಮೈಕ್ ಕಂಡರೆ ಬಿಡದ ಮನುಷ್ಯ, “ಅದು ನಮ್ಮ ಕಡೆಯ ಹಳೇ ಹಾಡು, ಪಾಲಣ್ಣ ಕದ್ದಿದ್ದು” ಎಂದು ಸಾರಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಬರುವ ಸೋಮವಾರದ ಧರಣಿ ಸಭೆಯಲ್ಲಿ ಅದನ್ನು ಹಾಡಬೇಕಾದವಳು ನಾನು. ಅಪ್ಪ ಬಿಟ್ಟುಹೋದದ್ದು ಅದೊಂದೇ; ಅದನ್ನೂ ಬಿಟ್ಟುಕೊಡುವುದೇ? ಭಾನುವಾರ ಗೌರಸಮುದ್ರದ ಸೋದರತ್ತೆ ಬೋರಕ್ಕನಿಂದ ಸಾಕ್ಷಿ ಹೇಳಿಸಲು ಬಸ್ಸು ಹತ್ತಿದೆ.

ಅತ್ತೆ ಶೇಂಗಾ ಬಿಡಿಸುತ್ತಿದ್ದಳು. “ನಿಮ್ಮಪ್ಪ ಕಟ್ಟಿದ್ದಲ್ಲ ಕಣೇ ಗಂಗಲಕ್ಷ್ಮಿ,” ಎಂದಳು, ತಲೆಯೆತ್ತದೆ. “ಮೇಷ್ಟ್ರ ಊರಿಂದೂ ಅಲ್ಲ. ಅದು ನಮ್ಮ ದನ ಕಾಯೋರ ಕೂಗು.”

ದನ ಹಟ್ಟಿಗೆ ಮರಳುವಾಗ ಮಂದೆಯ ಮುಂದೊಬ್ಬ, ಹಿಂದೊಬ್ಬ. ಮುಂದಿನವನು ಕೂಗಬೇಕು, ಹಿಂದಿನವನು ಉತ್ತರಿಸಬೇಕು. ಉತ್ತರ ಬಂದ ಮೇಲೆ ತಿರುಗಿ ನೋಡಬಾರದು, ಎರಡನೇ ಸಲ ಕೂಗಬಾರದು. ನೋಡಿದರೆ ಹಿಂದಿನವನನ್ನು ನಂಬಲಿಲ್ಲ ಎಂದಾಗುತ್ತದೆ.

“ಗೋಡೆಯ ಕೊನೇ ಕಂಡಿ ಮುಚ್ಚಿದ ದಿನ ಹಿಂದಿದ್ದೋನು ನಿಮ್ ಚಿಕ್ಕಪ್ಪ ಜುಂಜಣ್ಣ. ನಿಮ್ಮಪ್ಪ ಕೂಗ್ದ. ಉತ್ರ ಬಂತು. ಹಿಂದಕ್ ನೋಡ್ದೆ ಬಂದ್ಬಿಟ್ಟ. ದನ ಎಲ್ಲಾ ಬಂದ್ವು, ಜುಂಜಣ್ಣ ಬರ್ಲಿಲ್ಲ. ಗೋಡೆ ಆಚೆ ಅವನ ಕಂಬಳಿ ಸಿಕ್ತು, ಅಷ್ಟೇ.”

ಚಿಕ್ಕಪ್ಪ ಕಾಣೆಯಾದದ್ದು ನನಗೆ ಗೊತ್ತಿತ್ತು. ಈ ಕೂಗಿನ ಸಂಗತಿ ಗೊತ್ತಿರಲಿಲ್ಲ.

“ಹಂಗಾದ್ರೆ ಅದನ್ನ ಧರಣೀಲಿ ಯಾಕೆ ಹಾಡ್ದ?”

“ಆಮೇಲೂ ದಿನಾ ಸಂಜೆ ಗೋಡೆ ತಾವ ಹೋಗಿ ಕೂಗ್ತಿದ್ದ. ದಿನಾ ಉತ್ರ ಬರ್ತಿತ್ತು. ಹೆದರ್ಬಿಟ್ಟ. ಊರೆಲ್ಲಾ ಒಟ್ಟಿಗೆ ಓಗೊಟ್ರೆ ಆ ದನಿ ಕೇಳ್ಸಲ್ಲ ಅಂತ ಜನರ ಬಾಯಿಗೆ ಹಾಕ್ದ.”

ಅತ್ತೆಗೆ ಅರಳುಮರಳು ಎಂದು ರೇಗಿತು. ಆ ಸಿಟ್ಟಿನಲ್ಲೇ ನಮ್ಮೂರು ದೊಡ್ಡಉಳ್ಳಾರ್ತಿಯಲ್ಲಿ ಬಸ್ಸಿಳಿದು, ಅವಳ ಮಾತು ಸುಳ್ಳೆಂದು ನೋಡಿಯೇಬಿಡಲು, ಮನೆಗೆ ಹೋಗದೆ ನೇರ ಗೋಡೆಯ ಬಳಿ ನಡೆದೆ. ಹೊತ್ತು ಮುಳುಗುತ್ತಿತ್ತು. ಗಾಳಿಯಿರಲಿಲ್ಲ. ಆದರೂ ಆಚೆ ಒಣಹುಲ್ಲು ಸರಸರ ಎನ್ನುತ್ತಿತ್ತು, ದನ ಹಾಯುವಾಗ ಎನ್ನುವಂತೆ.

“ಹಿಂದೆ ಯಾರಣ್ಣ?” ಎಂದು ಕೂಗಿದೆ.

“ನಾ ಇದ್ದೀನಿ, ನೀ ನಡಿ.”

ಚಿಕ್ಕಂದಿನಲ್ಲಿ ಕೇಳಿದ್ದ ಚಿಕ್ಕಪ್ಪನ ದನಿ. ಅದು ಮುಗಿಯುವ ಮೊದಲೇ, ಇನ್ನೂ ಹತ್ತಿರದಿಂದ, ಮತ್ತೊಂದು ದನಿ ಅದನ್ನೇ ಹೇಳಿ ಕೆಮ್ಮಿತು. ಆ ಕೆಮ್ಮು ಕೇಳುತ್ತಲೇ ಬೆಳೆದವಳು ನಾನು.

“ಅಪ್ಪಾ” ಎಂದು ಕರೆಯಬೇಕೆನಿಸಿತು. ಕರೆಯಲಿಲ್ಲ. ತಿರುಗಿ ನೋಡದೆ ನಡೆದೆ. ಮನೆ ಬಾಗಿಲವರೆಗೂ ಹೆಜ್ಜೆ ಸಪ್ಪಳ ಹಿಂದೆಯೇ ಬಂತು.

ಸೋಮವಾರದ ಸಭೆಯಲ್ಲಿ ನಾಗೇಂದ್ರಪ್ಪ, “ಹಾಡು ಯಾರ್ದಮ್ಮಾ, ಈಗ್ಲಾದ್ರೂ ಹೇಳು” ಎಂದು ಕೆಣಕಿದರು.

“ನಿಮ್ದೇ ಅಂತ ಇಟ್ಕಳ್ರಿ,” ಎಂದೆ.

ಮೈಕ್ ಹಿಡಿದು ಕೂಗಿದೆ. ಮೈದಾನವೆಲ್ಲ ಓಗೊಟ್ಟಿತು. ಎಲ್ಲರೂ ನಿಲ್ಲಿಸಿದ ಮೇಲೂ, ಯಾರೂ ಇಲ್ಲದ ನನ್ನ ಬೆನ್ನ ಹಿಂದೆ, ಒಂದು ಕೆಮ್ಮು ಕೇಳಿಸಿತು.

“ಇನ್ನೂ ಜೋರಾಗಿ!” ಎಂದು ಎದೆ ಬಡಿದುಕೊಂಡೆ.