ಉಪ್ಪುನೀರಿಗೊಂದು ಬಾಗಿಲು

ಕಲ್ಯಾಣಪುರದ ಕೆಳಗೆ, ಸ್ವರ್ಣಾ ನದಿಯಿಂದ ಒಳಗೆ ಬರುವ ಒಂದು ತೋಡಿನ ದಡದಲ್ಲಿ ಕಾನ್ಸೆಪ್ಟಾಳ ಗದ್ದೆಗಳಿದ್ದವು. ಗಂಡ ಡೊಮಿನಿಕ್ ಬೊಂಬಾಯಿಯಲ್ಲಿ ಕೆಲಸಕ್ಕಿದ್ದ, ಬೇಸಾಯವೆಲ್ಲ ಅವಳದೇ. ಮಳೆಗಾಲದ ಬೆಳೆಗೆ ತೊಂದರೆಯಿರಲಿಲ್ಲ. ಮಳೆ ನಿಂತ ಮೇಲಿನ ಸುಗ್ಗಿ ಬೆಳೆಯ ಹೊತ್ತಿಗೆ ನದಿಯ ಹರಿವು ಇಳಿದು, ಕಡಲು ಉಬ್ಬುವ ಭರತದ ಜೊತೆ ಉಪ್ಪುನೀರು ತೋಡಿನೊಳಗೆ ಏರುತ್ತಿತ್ತು. ಊರವರು ಮಣ್ಣು, ಸೊಪ್ಪು, ತೆಂಗಿನ ಮಡಲು ಹಾಕಿ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಿದ್ದರು. ಅದು ಒಡೆಯದ ವರ್ಷವೇ ಅಪರೂಪ.

೧೯೫೯ರಲ್ಲಿ ಕಟ್ಟ ಒಡೆದಾಗ ಪೈರು ತೆನೆ ಬಿಡುತ್ತಿತ್ತು. ಉಪ್ಪಿಗೆ ಕೆಂಪಗೆ ಸುಟ್ಟ ಗದ್ದೆಯ ಅಂಚಿನಲ್ಲಿ ನಿಂತಿದ್ದ ಕಾನ್ಸೆಪ್ಟಾಳ ಹತ್ತಿರ ಗ್ರಾಮಸೇವಕ ತಾರಾನಾಥ ಸೈಕಲ್ ನಿಲ್ಲಿಸಿ, ಹೊಸ ಗೊಬ್ಬರದ ವಿಷಯ ತೆಗೆದ.

"ಗೊಬ್ಬರ ಇರಲಿ ಮಾರಾಯ್ರೇ. ಈ ಉಪ್ಪು ತಡೆಯಲಿಕ್ಕೆ ಸರಕಾರದಲ್ಲಿ ಎಂತಾದರೂ ಉಂಟಾ?"

ತಾರಾನಾಥ ಸುಳ್ಳು ಹೇಳಲಿಲ್ಲ. "ಉಂಟು ಅಂತ ಕೇಳಿದ್ದೇನೆ. ಸರಿಯಾಗಿ ಗೊತ್ತಿಲ್ಲ. ಉಡುಪಿಯ ಬ್ಲಾಕ್ ಕಚೇರಿಗೆ ಬನ್ನಿ, ಇಬ್ಬರೂ ಕೇಳುವ."

ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಮಧ್ಯಾಹ್ನ ಕಳೆದ ಮೇಲೆ ಓವರ್‌ಸಿಯರ್ ಸಿಕ್ಕಿ ವಿವರಿಸಿದರು: ತೋಡಿನ ಬಾಯಿಗೆ ಕಲ್ಲಿನ ಕಟ್ಟ, ಅದಕ್ಕೆ ಮರದ ಹಲಗೆಯ ಬಾಗಿಲು. ಕಲ್ಲುಕೆಲಸ ಸರಕಾರದ್ದು, ಮಣ್ಣುಕೆಲಸ ಊರಿನದ್ದು. "ಆದರೆ ತೋಡನ್ನು ನಂಬಿಕೊಂಡವರೆಲ್ಲ ಒಪ್ಪಬೇಕು. ಒಬ್ಬರು ಬೇಡವೆಂದರೂ ಕೆಲಸ ನಿಲ್ಲುತ್ತದೆ."

ಬೇಡವೆಂದದ್ದು ಬೂಬ. ಆ ತೋಡಿನಲ್ಲೇ ಬಲೆ ಕಟ್ಟಿ ಅವನ ಸಂಸಾರ ನಡೆಯುತ್ತಿತ್ತು.

"ನಿಮ್ಮ ಗದ್ದೆಗೆ ಉಪ್ಪು ಬೇಡ, ನನ್ನ ಬಲೆಗೆ ಬೇಕು. ಬಾಗಿಲು ಹಾಕಿದರೆ ಸಿಗಡಿ ಎಲ್ಲಿಂದ ಬರ್ತದೆ ಬಾಯಮ್ಮ?"

ಕಾನ್ಸೆಪ್ಟಾ ಸಿಟ್ಟಿನಿಂದ ಮನೆಗೆ ಬಂದಳು. ಮರುದಿನ ಬೂಬನ ಹೆಂಡತಿ ರತ್ನಾವತಿ ಎಂದಿನಂತೆ ಮೀನಿನ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಾಗ ಆ ಸಿಟ್ಟು ಉಳಿಯಲಿಲ್ಲ. ಬುಟ್ಟಿಯಲ್ಲಿದ್ದದ್ದೆಲ್ಲ ಅದೇ ತೋಡಿನದು. ಬೂಬ ಹೇಳಿದ್ದರಲ್ಲಿ ತಪ್ಪೇನಿದೆ?

"ರತ್ನಾವತಿ, ನನ್ನೊಟ್ಟಿಗೆ ಉಡುಪಿಗೆ ಬರ್ತೀಯಾ? ನಿನ್ನ ಪ್ರಶ್ನೆ ನೀನೇ ಕೇಳು."

ರತ್ನಾವತಿ ಬಂದಳು. ಓವರ್‌ಸಿಯರ್ ಎದುರು ಮೊದಲು ಸೆರಗಿನ ತುದಿ ತಿರುವುತ್ತಾ ನಿಂತವಳು, ಆಮೇಲೆ ನೇರವಾಗಿ ಕೇಳಿದಳು: "ವರ್ಷವಿಡೀ ಮುಚ್ಚುವುದಾ?"

"ಇಲ್ಲಮ್ಮ. ಸುಗ್ಗಿ ಕೊಯ್ಲು ಮುಗಿದ ಮೇಲೆ ಹಲಗೆ ತೆಗೆಯಬಹುದು."

"ಮುಚ್ಚಿದ ತಿಂಗಳುಗಳಲ್ಲಿ ನಾವು ಎಂತ ತಿನ್ನುವುದು?"

ಅವರು ಕಾಗದಗಳನ್ನು ಮಗುಚಿ ನೋಡಿ, "ಅದಕ್ಕೆ ಯೋಜನೆಯಲ್ಲಿ ಏನೂ ಇಲ್ಲ" ಎಂದರು.

ಇಬ್ಬರೂ ಸಂತೆಕಟ್ಟೆಯಲ್ಲಿ ಬಸ್ಸಿಳಿದು ನಡೆದರು. ಗದ್ದೆ ಕಾಣುವಲ್ಲಿಗೆ ಬಂದಾಗ ಕಾನ್ಸೆಪ್ಟಾ ನಿಂತಳು. "ನಮ್ಮ ಬೆಳೆ ಉಳಿಯುವುದಾದರೆ ಆ ತಿಂಗಳುಗಳಲ್ಲಿ ನಿಮ್ಮ ಮನೆಯ ಅಕ್ಕಿ ನಮ್ಮದು. ನಾನೊಬ್ಬಳೇ ಅಲ್ಲ, ಕಟ್ಟದ ಒಳಗೆ ಗದ್ದೆ ಇರುವವರೆಲ್ಲ ಕೊಡಬೇಕು."

"ಎಲ್ಲರೂ ಒಪ್ಪಬೇಕಲ್ವಾ?"

"ಒಪ್ಪಿಸುವ."

ಅವಳು ಮನೆಮನೆಗೆ ಹೋದಳು. ಹೆಚ್ಚಿನವರು ಬೇಗ ಒಪ್ಪಿದರು. ಪಕ್ಕದ ಗದ್ದೆಯ ಇಮ್ಯಾನುಯೆಲ್ ಮಾತ್ರ, "ಮೀನು ಹಿಡಿಯುವವನಿಗೆ ನಾನು ಯಾಕೆ ಅಕ್ಕಿ ಕೊಡಬೇಕು?" ಎಂದು ಗೊಣಗಿದ.

"ಅವನು ಬೇಡವೆಂದರೆ ನಿಮಗೂ ಅಕ್ಕಿ ಇಲ್ಲ, ನನಗೂ ಇಲ್ಲ" ಎಂದಳು ಕಾನ್ಸೆಪ್ಟಾ. ಆತನ ಗದ್ದೆಯೂ ಆ ವರ್ಷ ಸುಟ್ಟಿತ್ತು. ಕೊನೆಗೆ ತಲೆಯಾಡಿಸಿದ.

ಬೂಬನದು ಒಂದೇ ಷರತ್ತು. "ಹಲಗೆ ತೆಗೆಯುವ ದಿನ ನಾನೂ ಇರಬೇಕು. ಇವತ್ತು ನಾಳೆ ಅಂತ ದೂಡಬಾರದು."

"ನೀನೇ ತೆಗಿ" ಎಂದಳು ಕಾನ್ಸೆಪ್ಟಾ.

ಮಂಜೂರಾತಿಗೆ ಒಂದು ಮಳೆಗಾಲ ಕಾಯಬೇಕಾಯಿತು. ತಾರಾನಾಥ ಕಚೇರಿಗೆ ಅಲೆದು ಅಲೆದು ನೆನಪಿಸುತ್ತಿದ್ದ. ಕಲ್ಲುಕೆಲಸ ಶುರುವಾದಾಗ ಇಗರ್ಜಿಯಿಂದ ಬಂದವರು, ಗುಡ್ಡೆಯ ಮೇಲಿನ ಮನೆಯವರು, ಬೂಬನ ಬಂಧುಗಳು, ಎಲ್ಲರೂ ಮಣ್ಣು ಹೊತ್ತರು. ರತ್ನಾವತಿ ಮತ್ತು ಕಾನ್ಸೆಪ್ಟಾ ಸೇರಿ ಗಂಜಿ ಬೇಯಿಸಿದರು.

ಆ ಸುಗ್ಗಿಗೆ ಕಟ್ಟ ಗಟ್ಟಿಯಾಗಿ ನಿಂತಿತು. ತಗ್ಗಿನ ಒಂದು ಗದ್ದೆಯಲ್ಲಿ ಹಳೆಯ ಉಪ್ಪು ಉಳಿದು ಪೈರು ಏಳಲಿಲ್ಲ. ಒಂದೆರಡು ಮಳೆಗಾಲ ತೊಳೆದರೆ ಸರಿಹೋಗುತ್ತದೆ ಎಂದು ತಾರಾನಾಥ ಹೇಳಿದ. ಉಳಿದ ಗದ್ದೆಗಳಲ್ಲಿ ತೆನೆ ಬಾಗಿತು. ಬಾಗಿಲು ಹಾಕಿದ ಮೇಲೆ ಬೂಬನ ಮನೆಗೆ ಮೊದಲ ಅಕ್ಕಿಯನ್ನು ಕೊಂಡುಹೋಗಿದ್ದವನು ಇಮ್ಯಾನುಯೆಲ್, ಯಾರೂ ನೆನಪಿಸಬೇಕಾಗಿರಲಿಲ್ಲ.

ಕೊಯ್ಲು ಮುಗಿದ ಬೆಳಿಗ್ಗೆ ಬೂಬ ಕಟ್ಟದ ಮೇಲೆ ಹತ್ತಿ ಹಲಗೆಗಳನ್ನು ಒಂದೊಂದಾಗಿ ಎತ್ತಿದ. ನೀರು ಸದ್ದು ಮಾಡುತ್ತಾ ತೋಡಿನೊಳಗೆ ನುಗ್ಗಿತು. ಕಾನ್ಸೆಪ್ಟಾ ಒಂದು ಹಲಗೆಯ ತುದಿ ಹಿಡಿದುಕೊಂಡಳು.

"ಬಿಡಿ ಬಾಯಮ್ಮ, ಜಾರ್ತದೆ" ಎಂದ ಬೂಬ.

ಅವಳು ಬಿಡಲಿಲ್ಲ. ಇಬ್ಬರೂ ಸೇರಿ ಅದನ್ನು ದಡಕ್ಕೆ ತಂದು ಒಣಗಲು ಇಟ್ಟರು.