ಮಳೆರಾಯ ದಾಟದ ಬದು

ಮಳೆರಾಯ ನಮ್ಮ ಹೊಲಕ್ಕೆ ಬರುತ್ತಾನೆ ಎಂದು ಅತ್ತೆ ಹೇಳಿದಾಗ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ.

“ಯಾವ ಹೊಲಕ್ಕೆ?”

“ಇನ್ಯಾವ್ದಕ್ಕೆ? ಕೆರೆ ಪಕ್ಕದ್ದಕ್ಕೆ. ಊರ್ನಲ್ಲಿ ಅಷ್ಟು ಒಣಗಿರೋದು ಅದೊಂದೇಯ ಅಂತ ಇಂದ್ರಮ್ಮ ಅಂದ್ಲು. ನಾನೂ ಹೂಂ ಅಂದೆ.”

ಮಳೆ ಕೈಕೊಟ್ಟ ವರ್ಷ ನಮ್ಮೂರಿನ ಹೆಂಗಸರು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಅವನ ಮೇಲೆ ನೀರು ಹುಯ್ಯುತ್ತಾರೆ. ಕೊನೆಗೆ ತೀರಾ ಒಣಗಿದ ಹೊಲವೊಂದನ್ನು ಆರಿಸಿ, ಅವನನ್ನು ಅಲ್ಲಿಳಿಸಿ, ಎಲ್ಲರೂ ಒಂದೊಂದು ಬಿಂದಿಗೆ ನೀರು ಪೈರಿಗೆ ಸುರಿಯುತ್ತಾರೆ. ಆಲೂರು ಸೀಮೆಯಲ್ಲಿ ಆ ವರ್ಷ, ಎರಡು ಸಾವಿರದ ಮೂರರಲ್ಲಿ, ಮಳೆ ಸತತವಾಗಿ ಎರಡನೆಯ ಸಲ ತಪ್ಪಿತ್ತು.

ನಮ್ಮ ಹೊಲವನ್ನು ಒಣಗಿಸಿದ್ದು ನಾನೇ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಮದುವೆಯಾಗಿ ಎರಡು ವರ್ಷಕ್ಕೆ ಅವರು ಹೋದರು. ವನಗೂರಿನ ಇಳಿಜಾರು, ಜೀಪು. ಅದರ ಬಗ್ಗೆ ಬರೆಯುವಂಥದ್ದು ಬೇರೇನೂ ಇಲ್ಲ. ಅವರ ಪಾಲಿನ ಹೊಲ ನನ್ನ ಹೆಸರಿಗೆ ಬಂತು. ಹೆಸರು ನನ್ನದು, ಮಾತು ಭಾವನದು. ಭಾವ ದಯಾನಂದ ಸಕಲೇಶಪುರದಲ್ಲಿ ಕಾಫಿ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದರು. ಹೊಲವನ್ನು ಶುಂಠಿಗೆ ಗುತ್ತಿಗೆ ಕೊಡುವುದೆಂದು ಅವರ ತೀರ್ಮಾನ. ನಾನು ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿಕೊಂಡೆ. ನೀರಿಲ್ಲದೆ ಯಾವ ರಾಗಿ ನಿಲ್ಲುತ್ತದೆಂದು ನೋಡಲು ಅವರು ಅರಸೀಕೆರೆ ಕಡೆ ಎರಡು ಹೊಲ ಗೊತ್ತುಮಾಡಿದ್ದರು. ಮೂರನೆಯದು ನಮ್ಮದಾಯಿತು.

“ಕೇಂದ್ರದೋರು ಕೊನೇಲಿ ಬಂದು, ಪ್ರಯೋಗ ಸರಿಯಾಗೈತೆ ಅಂದ್ರೆ ಇನ್ನೊಂದು ವರ್ಷ ಹೊಲ ನಿಂಗೆ. ಕೆಟ್ಟೈತೆ ಅಂದ್ರೆ ಶುಂಠಿ,” ಎಂದು ಭಾವ ಅತ್ತೆಯ ಮುಂದೆಯೇ ಹೇಳಿದ್ದರು.

ಹನ್ನೆರಡು ತಳಿ, ಹನ್ನೆರಡು ಪಟ್ಟೆ. ಹನ್ನೊಂದು ಕೇಂದ್ರದವು, ಒಂದು ಅತ್ತೆಯ ಮಡಕೆಯದು. ಅವರ ತವರಿನಿಂದ ಬಂದ ರಾಗಿ. ಬಿತ್ತಿದ ಮೇಲೆ ಯಾವುದಕ್ಕೂ ನೀರು ಹಾಕುವಂತಿಲ್ಲ. ಅಕ್ಕಪಕ್ಕದವರೆಲ್ಲ ಕೆರೆಯಲ್ಲಿ ಉಳಿದ ನೀರಿಗೆ ಪಂಪು ಇಟ್ಟು ಪೈರು ಉಳಿಸಿಕೊಳ್ಳುತ್ತಿದ್ದರು. ನಮ್ಮದು ಮಾತ್ರ ಕೆರೆಯ ಮಗ್ಗುಲಲ್ಲೇ ಗರಿ ಸುತ್ತಿಕೊಂಡು ನಿಂತಿತ್ತು. ಎಲ್ಲಕ್ಕಿಂತ ಮೊದಲು ಬಾಡಿದ್ದು ಅತ್ತೆಯ ಪಟ್ಟೆ. ಅವರು ದಿನವೂ ಹೋಗಿ ಅದನ್ನು ನೋಡಿ ಬರುತ್ತಿದ್ದರು.

ಪಾತ್ರೆಗಳನ್ನು ಅಲ್ಲೇ ಬಿಟ್ಟು ಹೊಲಕ್ಕೆ ಹೋದೆ.

ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತಿಗೆ ಅವರು ಬಂದರು. ಮುಂದೆ ಇಂದ್ರಮ್ಮ, ತಲೆಯ ಮೇಲೆ ಮಣೆ, ಸೀರೆಯೆಲ್ಲ ಒದ್ದೆ. ಮಳೆರಾಯನ ಮೂಗು ಕರಗಿ ಹೋಗಿತ್ತು. ಹಿಂದೆ ಇಪ್ಪತ್ತು ಮೂವತ್ತು ಹೆಂಗಸರು, ಸೊಂಟದಲ್ಲಿ ಬಿಂದಿಗೆ. ಎಲ್ಲರಿಗಿಂತ ಹಿಂದೆ ಅತ್ತೆ. ಮಾವ ಹೋದಮೇಲೆ ಅವರ ಜಾಗ ಅದೇ.

“ಸರ್ಕೊಳಮ್ಮ ನೇತ್ರಾ,” ಎಂದರು ಇಂದ್ರಮ್ಮ.

“ಇಲ್ಲಿ ನೀರು ಹಾಕಬೇಡಿ.”

“ನಾಚ್ಕೋಬ್ಯಾಡ ಕಣಮ್ಮ. ನಿಂಗೊಬ್ಳಿಗೇ ಅಲ್ಲ, ಊರ್ಗೇ ಮಳೆ ಬರ್ಲಿ ಅಂತ.”

“ಗೊತ್ತು. ಬೇರೆ ಹೊಲಕ್ಕೆ ಹಾಕಿ.”

ಪಕ್ಕದ ಹೊಲದ ರುದ್ರಯ್ಯ ಪಂಪಿನ ಹತ್ತಿರ ಕೂತು ಬೀಡಿ ಸೇದುತ್ತಿದ್ದವರು ಎದ್ದು ಬಂದರು. “ಏನಮ್ಮಾ, ಬಿಂದಿಗೆ ನೀರು ಬ್ಯಾಡ ಅಂತೀಯ. ನಾಳೆ ಮಳೇನೇ ಬಂದ್ರೆ ಹೊಲಕ್ಕೆಲ್ಲ ಕೊಡೆ ಹಿಡೀತೀಯಾ?”

ಹೆಂಗಸರು ನಕ್ಕರು. ನಾನೂ ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದೆ.

“ಮಳೆ ಬಂದರೆ ಹನ್ನೆರಡಕ್ಕೂ ಬರುತ್ತೆ ರುದ್ರಯ್ಯನೋರೆ. ಬಿಂದಿಗೆ ನೀರು ಬೀಳೋದು ಒಂದಕ್ಕೆ.”

“ಹನ್ನೆರಡು ಮಕ್ಳನ್ನೂ ಉಪ್ವಾಸ ಕೆಡವ್ಬುಟ್ಟು ಯಾವ್ದು ಬದುಕ್ತದೆ ನೋಡಾನ ಅಂತೀಯಲ್ಲ, ಅದೆಂಥಾ ಓದಮ್ಮ ನಿಂದು?”

“ಅದೇ ಓದು. ಬರೋ ವರ್ಷವೂ ಹೀಗೇ ಆದರೆ ನಿಮ್ಮ ಪಂಪಿಗೆ ಕೆರೆ ಇರೋದಿಲ್ಲ. ಆಗ ಯಾವ ರಾಗಿ ಬಿತ್ತುತ್ತೀರಿ?”

ಅವರು ಕೆರೆಯ ಕಡೆ ನೋಡಿದರು. ಕೆರೆಯಲ್ಲಿ ಎಮ್ಮೆಗಳು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದವು.

ಗುಂಪಿನ ಮಧ್ಯದಿಂದ ಚಿನ್ನಮ್ಮ ಅಂದಳು: “ಮಾತೇನ್ರೇ ಅವಳ ಹತ್ರ? ಮಳೆರಾಯನ ಎದುರ್ಗೆ ಬರಿಹಣೇಲಿ ನಿಂತವ್ಳೆ. ಮಳೆ ಬಂದಂಗೇಯ!”

ನಗು ನಿಂತಿತು. ಅತ್ತೆ ತಲೆ ತಗ್ಗಿಸಿದರು.

ಒಂದೂವರೆ ವರ್ಷದಿಂದ ನನ್ನನ್ನು ಯಾರೂ ಬಾಯಿಬಿಟ್ಟು ಬೈದಿರಲಿಲ್ಲ. ನಾಮಕರಣಕ್ಕೆ ಕರೆಯುತ್ತಿರಲಿಲ್ಲ, ಅಷ್ಟೆ. ಬಿತ್ತನೆಯ ದಿನ ಬೀಜದ ಕುಕ್ಕೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಿದ್ದರು. ಎಲ್ಲವೂ ಬಹಳ ಮೃದುವಾಗಿ ನಡೆದಿತ್ತು. ಚಿನ್ನಮ್ಮನ ಮಾತು ಕೇಳಿ ನನಗೆ ನೋವಾಗಲಿಲ್ಲ. ಬೇಲಿಯಿಲ್ಲದ ಹೊಲಕ್ಕೆ ಬೇಲಿ ಸಿಕ್ಕಿತು ಅನ್ನಿಸಿತು.

“ಹೌದು ಚಿನ್ನಮ್ಮ,” ಎಂದೆ. “ನಾನು ಎದುರಿಗೆ ಬಂದರೆ ಅಪಶಕುನ. ಈ ಬದು ಪೂರ್ತಿ ಓಡಾಡಿಕೊಂಡು ಇಲ್ಲೇ ಇರ್ತೀನಿ. ನೀವು ಎಲ್ಲಿಂದ ಇಳಿದರೂ ಎದುರಿಗೆ ಬರ್ತೀನಿ. ದಾಟ್ತೀರಾ?”

ಯಾರೂ ಅಲುಗಲಿಲ್ಲ. ಮಣೆಯಿಂದ ಕೆಸರು ನೀರು ಇಂದ್ರಮ್ಮನ ಹುಬ್ಬಿನ ಮೇಲೆ ತೊಟ್ಟಿಕ್ಕಿತು. ಅವರು ಒಂದು ಹೆಜ್ಜೆ ಬಲಕ್ಕೆ ಹೋದರು. ನಾನೂ ಹೋದೆ. ಎಡಕ್ಕೆ ಬಂದರು. ನಾನೂ ಬಂದೆ.

“ಎಲಾ ಇವ್ಳಾ!” ಎಂದರು ಇಂದ್ರಮ್ಮ, ಕೋಪದಿಂದಲ್ಲ, ಬೆರಗಿನಿಂದ.

ಆಗ ಅತ್ತೆ ಹಿಂದಿನಿಂದ ಮುಂದೆ ಬಂದರು. ಅವರು ನನಗೆ ಎದುರಾಗಬಹುದು. ಅವರಿಗೆ ನನ್ನಿಂದ ಕೆಡುವುದೇನೂ ಉಳಿದಿರಲಿಲ್ಲ.

“ನೇತ್ರಾ, ನನ್ ರಾಗಿ ಕಣೆ ಅದು. ನಮ್ಮವ್ವನ ಮನೇದು. ನನ್ ಮಗನ ಹೊಲ್ದಲ್ಲಿ ಸಾಯ್ತಾ ಐತೆ. ಒಂದೇ ಒಂದು ಬಿಂದಿಗೆ.”

ಅವರ ಬಿಂದಿಗೆ ತುಂಬಿತ್ತು. ಇವರೊಬ್ಬರನ್ನು ಬಿಟ್ಟುಬಿಡಬಹುದಿತ್ತು. ಅಷ್ಟು ನೀರಿನಿಂದ ಪೈರೇನೂ ಉಳಿಯುತ್ತಿರಲಿಲ್ಲ, ಆದರೆ ಆ ಪಟ್ಟೆಯ ಲೆಕ್ಕ ಮತ್ತೆ ಲೆಕ್ಕವಾಗಿ ಉಳಿಯುತ್ತಿರಲಿಲ್ಲ.

“ಹಾಕಿದರೆ, ನಿಮ್ಮ ರಾಗಿ ನಿಂತಿತೋ ನೀರು ನಿಲ್ಲಿಸಿತೋ ಗೊತ್ತಾಗಲ್ಲ ಅತ್ತೆ. ಬೇಡ.”

“ನಿನ್ ಎದೇಲಿ ಏನೈತೆ?”

“ಗೊತ್ತಿಲ್ಲ. ಬೇಡ ಅಂದೆನಲ್ಲ.”

ಅವರು ಬಿಂದಿಗೆಯನ್ನು ಬದುವಿನ ಆಚೆ, ದಾರಿಗೆ ಸುರಿದರು. ಮಣ್ಣು ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಮೆರವಣಿಗೆ ತಿರುಗಿ ಕೆರೆಗೆ ಹೋಯಿತು.

ಹುಬ್ಬೆ ಮಳೆ ಬರಲಿಲ್ಲ. ಉತ್ತರೆ ಬರಲಿಲ್ಲ. ಹಸ್ತವೂ ಮೋಡ ತೋರಿಸಿ ಹೋಯಿತು. ಮಳೆರಾಯನನ್ನು ತಿರುಗಿಸಿ ಕಳಿಸಿದವಳು ಎಂದು ನನಗೆ ಹೆಸರಾಯಿತು. ಸಕಲೇಶಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೂ ಬರುತ್ತಿರಲಿಲ್ಲ. ಗುರುತಿಲ್ಲದವರು ಹತ್ತುವ ಬೆಳಗೋಡಿನವರೆಗೂ ಬ್ಯಾಗನ್ನು ಅಲ್ಲಿ ಕೂರಿಸುತ್ತಿದ್ದೆ. ಒಂದು ದಿನ ನಲ್ಲಿಯ ಹತ್ತಿರ ಚಿನ್ನಮ್ಮ ಮತ್ತೆ ಅದನ್ನೇ ಎತ್ತಿದಳು. “ಮಳೆ ಬಂದಿದ್ದರೆ ನನ್ನಿಂದ ಬಂತು ಅಂತಿದ್ರಾ?” ಎಂದು ಕೇಳಿದೆ. ಅವಳು ಕೊಡ ಎತ್ತಿಕೊಂಡು ಹೋದಳು.

ಅತ್ತೆ ಮುದ್ದೆ ಬಡಿಸುತ್ತಿದ್ದರು, ಮಾತನಾಡುತ್ತಿರಲಿಲ್ಲ. ಅವರ ಪಟ್ಟೆ ತೆನೆ ಕಟ್ಟುವ ಮೊದಲೇ ಮಲಗಿತು, ಅದರ ಹಿಂದೆ ಕೇಂದ್ರದ ನಾಲ್ಕು ಪಟ್ಟೆಗಳೂ. ಇನ್ನು ಆರು ತಳಿಗಳಲ್ಲಿ ತೆನೆ ಬಂದರೂ ಜೊಳ್ಳು. ಏಳನೆಯ ಪಟ್ಟೆ, ಗಿಡ್ಡ, ನೋಡಲು ಚೆಂದವಿಲ್ಲದ ತಳಿ, ಸುಮ್ಮನೆ ನಿಂತಿತ್ತು. ಚಿತ್ತೆಯಲ್ಲಿ ಒಂದು ಸಂಜೆ ಮಳೆ ಬಂತು. ಹನ್ನೆರಡಕ್ಕೂ ಬಂತು. ತಡವಾಗಿತ್ತು.

ಕೊಯ್ಲಿಗೆ ಆಳು ಕರೆದೆ. ವನಗೂರಿನ ಎಸ್ಟೇಟಿನಿಂದ ಕಾಫಿ ಹಣ್ಣು ಕೊಯ್ಯಲು ಜೀಪು ಬಂದಿದೆ, ಬರಲಾಗುವುದಿಲ್ಲ ಅಂದರು. ಎಲ್ಲರೂ ಒಂದೇ ಮಾತು. ನಾನೊಬ್ಬಳೇ ಕುಡುಗೋಲು ಹಿಡಿದೆ. ಅಭ್ಯಾಸವಿರಲಿಲ್ಲ, ಅಂಗೈಯಲ್ಲಿ ಬೊಬ್ಬೆ ಬಂತು. ಮಾರನೆಯ ಬೆಳಿಗ್ಗೆ ಹೊಲಕ್ಕೆ ಹೋದಾಗ ಅತ್ತೆ ಆಗಲೇ ಅಲ್ಲಿದ್ದರು, ಸೆರಗು ಬಿಗಿದು.

“ಯಾವ್ದನ್ನ ಯಾವ್ದ್ರ ಜತೆ ಸೇರಿಸ್ಬಾರ್ದು, ಹೇಳ್ಬುಡು.”

ಹೇಳಿದೆ. ಅವರು ನನಗಿಂತ ಎರಡು ಪಟ್ಟು ಬೇಗ ಕೊಯ್ದರು.

ಕೇಂದ್ರದಿಂದ ನಟರಾಜ್ ಬಂದು ತೂಕ ಮಾಡಿದರು. ಅರಸೀಕೆರೆ ಕಡೆಯ ಒಂದು ಹೊಲಕ್ಕೆ ಯಾರೋ ನೀರು ಬಿಟ್ಟಿದ್ದರಿಂದ ಅದನ್ನು ಕೈಬಿಡಬೇಕಾಯಿತು ಎಂದರು.

“ಇಲ್ಲೂ ಹಾಗೇನಾದರೂ ಆಗಿದೆಯಾ? ಈಗಲೇ ಹೇಳಿಬಿಡಿ.”

ನಾನು ಬಾಯಿ ತೆರೆಯುವ ಮೊದಲು ಅತ್ತೆ ಹೇಳಿದರು: “ನಾನೇ ಹಾಕಾಕೆ ಬಂದಿದ್ದೆ ಸ್ವಾಮಿ. ಊರ್ನೋರೆಲ್ಲ ಬಂದಿದ್ವಿ. ಇವ್ಳು ಬುಡ್ಲಿಲ್ಲ.”

ನಟರಾಜ್ ನನ್ನ ಮುಖ ನೋಡಿದರು. “ಹಾಗಾದರೆ ಸರಿಯಾಗಿದೆ,” ಎಂದರು.

ಭಾನುವಾರ ಭಾವ ಬಂದರು. ಜೊತೆಯಲ್ಲಿ ಶುಂಠಿಯವನು. ಅವನು ಚಪ್ಪಲಿ ಬಿಡದೆ ಜಗುಲಿಯ ಅಂಚಿನಲ್ಲಿ ಕೂತ.

“ನಾಳೆ ಬಂದು ಹೊಲ ಉಳ್ತಾರೆ,” ಎಂದರು ಭಾವ.

“ಸರಿಯಾಗಿದೆ ಅಂದರೆ ಇನ್ನೊಂದು ವರ್ಷ ಅಂದಿದ್ದಿರಿ.”

“ಅಂದಿದ್ದೆ. ಹನ್ನೆರಡ್ರಲ್ಲಿ ಹನ್ನೊಂದು ಮಲಗ್ಬುಟ್ವಂತೆ. ಅದನ್ನೂ ಸರಿಯಾಗೈತೆ ಅಂತಾರೇನಮ್ಮ?”

“ಹನ್ನೊಂದು ಮಲಗಿದ್ದು ಗೊತ್ತಾಯಿತಲ್ಲ, ಅದೇ ಸರಿಯಾಗಿರೋದು.”

“ಊರ್ನೋರು ನಿನ್ನ ಹೆಸ್ರೆತ್ತಿದ್ರೆ ಉಗೀತಾರೆ.”

“ಉಗಿಯಲಿ. ಗುತ್ತಿಗೆಗೆ ನನ್ನ ಸಹಿ ಬೇಕು ಭಾವ. ನಾನು ಹಾಕುವುದಿಲ್ಲ.”

ಆ ಮನೆಯಲ್ಲಿ ನಾನು ಭಾವನಿಗೆ ಎದುರಾಡಿದ್ದು ಅದೇ ಮೊದಲು. ಧ್ವನಿ ಏರಲಿಲ್ಲ. ಏರಿಸಲು ಒಳಗೆ ಏನೂ ಇರಲಿಲ್ಲ, ಅದು ಅನುಕೂಲವೇ ಆಯಿತು.

ಅಂಗಳದಲ್ಲಿ ಅತ್ತೆ ಏಳನೆಯ ಪಟ್ಟೆಯ ರಾಗಿಯನ್ನು ಮೊರದಲ್ಲಿ ಕೇರುತ್ತಿದ್ದರು. ಭಾವ ಆ ಕಡೆ ತಿರುಗಿದರು. “ಅವ್ವಾ, ನೀನಾದ್ರೂ ಹೇಳು ಇವ್ಳಿಗೆ.”

“ಏನ್ ಹೇಳ್ಲಿ? ನನ್ ಮುಂದೇನೇ ಮಾತು ಕೊಟ್ಟೆ. ಗಂಡ್ಸು ತಾನೆ? ನಿಂತ್ಕೋ ಅದರ ಮ್ಯಾಲೆ.” ಶುಂಠಿಯವನ ಕಡೆ ನೋಡಿದರು. “ಕಾಫಿ ಕುಡ್ಕಂಡು ಹೋಗಪ್ಪ.”

ಅವನು ಕಾಫಿ ಕುಡಿಯದೆಯೇ ಹೋದ. ಭಾವ ಗೇಟಿನವರೆಗೆ ಅವನ ಹಿಂದೆ ಹೋಗಿ, ಹಾಗೆಯೇ ಬಸ್ಸಿಗೆ ಹೋದರು.

ಅತ್ತೆ ಕೇರುವುದನ್ನು ನಿಲ್ಲಿಸಲಿಲ್ಲ. ಹೊಟ್ಟು ಹಾರಿ ನನ್ನ ಸೀರೆಯ ಮೇಲೆ ಬಿತ್ತು.

“ಬರೋ ವರ್ಷ ಇದನ್ನೇ ಬಿತ್ತೀಯ?”

“ಇದನ್ನೂ, ಇನ್ನಷ್ಟು ಹೊಸವನ್ನೂ.”

“ನನ್ದು?”

“ಅದು ನಿಲ್ಲಲಿಲ್ಲ ಅತ್ತೆ. ನೀವೇ ನೋಡಿದಿರಿ.”

“ನೋಡ್ದೆ. ನಂಗೇನು ಕಣ್ಣಿಲ್ವಾ?” ಮೊರವನ್ನು ಕೆಳಗಿಟ್ಟರು. “ಆದ್ರೂ ಒಂದು ಪಟ್ಟೆ ಹಾಕು.”

“ಮತ್ತೆ ಬೀಳುತ್ತೆ.”

“ಬೀಳ್ಲಿ. ನೀರು ಕೇಳಾಕಿಲ್ಲ.”