ಹಿಡಿಯದ ಬೆಸುಗೆ

ರಾಣೆಬೆನ್ನೂರಿನ ಪ್ರಭಾಕರ ಮಾಸ್ತರರ ಮೋಟಾರಿನ ಹುಚ್ಚು ಊರಿಗೆಲ್ಲ ನಗೆಯ ಸರಕಾಗಿತ್ತು. ಹತ್ತಿ ವ್ಯಾಪಾರಿಯೊಬ್ಬರು ಮೂಲೆಗೆಸೆದಿದ್ದ ಮುರುಕು ಕಾರಿಗೆ ಎತ್ತು ಕಟ್ಟಿ ಎಳೆಸಿಕೊಂಡು ಬಂದ ದಿನ, "ಮಾಸ್ತರ್ರು ಹೊಸಾ ಚಕ್ಕಡಿ ತಂದಾರ ನೋಡ್ರಿ" ಎಂದು ಪೇಟೆಯವರು ನಕ್ಕರು. ನಗಲಿ ಬಿಡಿ, ಊರ ಬಾಯಿಗೆ ಬೀಗ ಹಾಕಿದವರುಂಟೆ? ಆದರೆ ಹೆಂಡತಿ ಅನಸೂಯಾಬಾಯಿ ಮತ್ತೆ ಬಸುರಿಯಾದ ಮೇಲೆ ಹುಚ್ಚಿಗೊಂದು ಕಾರಣ ಹುಟ್ಟಿತು. ಹೋದ ಸಲ ನೋವು ಎದ್ದಾಗ ಹಾವೇರಿಯ ರೈಲು ಹೊರಟುಹೋಗಿತ್ತು. ಮುಂದಿನದು ಬರುವಷ್ಟರಲ್ಲಿ ಕೂಸು ಹೋಗಿತ್ತು. ಈ ಸಲ ಹೆಂಡತಿಯನ್ನು ತಾವೇ ಹಾವೇರಿಯ ದವಾಖಾನೆಗೆ ಮುಟ್ಟಿಸುವುದೆಂದು ಮಾಸ್ತರರು ಪಣ ತೊಟ್ಟರು.

ಕಾರಿನ ಗಾಲಿಗಳನ್ನು ಹೊರಳಿಸುವ ಸರಳು ಮುರಿದಿತ್ತು. ಅದನ್ನು ಹಿತ್ತಾಳೆಯಿಂದ ಬೆಸೆಯಲು ಕಲಿಯಬೇಕೆಂದು ಅವರು ಮಹಮ್ಮದ್ ಹನೀಫನ ಕುಲುಮೆಯಲ್ಲಿ ಕೂತರು. ಮೊದಮೊದಲು ಬೆಸೆದದ್ದೆಲ್ಲ ಹಪ್ಪಳದಂತೆ ಮುರಿಯಿತು.

"ಕಬ್ಬಿಣಾನ ಅರದಲೆ ಬೆಳ್ಳಗ ಉಜ್ಜರಿ. ಹಿತ್ತಾಳಿ ಹರಿಯೂ ಹಂಗ ಬೆಳಗಾರದ ಪುಡಿ ಹಚ್ಚರಿ, ಆಮ್ಯಾಲೆ ಬೆಂಕಿ," ಎನ್ನುತ್ತಿದ್ದ ಹನೀಫ. "ಎಣ್ಣಿ ಹತ್ತಿದ್ರ ಹಿತ್ತಾಳಿ ಒಳಗ ಇಳಿಯಂಗಿಲ್ಲ. ಮ್ಯಾಲೆ ಛಂದ ಕಾಣತೈತಿ, ಒಳಗ ಟೊಳ್ಳು. ಕೈಬೆವರು ಸೈತ ಬ್ಯಾಡ್ರಿ."

ಮಳೆಗಾಲವೆಲ್ಲ ಕೈ ಸುಟ್ಟುಕೊಂಡು ಮಾಸ್ತರರು ಕಲಿತರು. ಉಜ್ಜಿಟ್ಟ ಸರಳಿನ ತುಂಡುಗಳನ್ನು ದಸರೆಯ ಮರುದಿನ ಬೆಸೆಯಲು ಹೊರಟರೆ, ಅವು ದೇವರ ಮನೆಯಲ್ಲಿದ್ದವು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಗೆಂದು ಅನಸೂಯಾಬಾಯಿ ಅವನ್ನೂ ಒಯ್ದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸರಿಯಾಗಿ ಮುರಿದ ಬಾಯಿಗೇ ಹಚ್ಚಿದ್ದರು. ಅಲ್ಲಿಯವರೆಗೆ ಕಾರಿನ ಕಡೆ ತಿರುಗಿಯೂ ನೋಡದವರು!

"ಈ ಕೂಸು ನಮ್ಮ ಕೈಗೆ ಬರ್ಲಿ ಅಂತ ಬೇಡಕೊಂಡೇನಿ," ಎಂದರು. "ಅದನ್ನ ಉಜ್ಜಿ ತಗೀಬ್ಯಾಡ್ರೀ."

ಆ ಮುಖ ನೋಡಿ ಅರ ಎತ್ತಲು ಮಾಸ್ತರರಿಗೆ ಮನಸ್ಸು ಬರಲಿಲ್ಲ. ಧೋತರದ ಚುಂಗಿನಿಂದ ಒರೆಸಿದರು, ಬೆಂಕಿ ಎಲ್ಲವನ್ನೂ ಸುಡುತ್ತದೆಂದು ತಮಗೆ ತಾವೇ ಹೇಳಿಕೊಂಡರು. ಕೇಳೋಣವೆಂದರೆ ಹನೀಫ ಮದುವೆಗೆಂದು ಬ್ಯಾಡಗಿಗೆ ಹೋಗಿದ್ದ. ಮರೆಯದೆ ಬೆಳಗಾರ ಹಚ್ಚಿ ಬೆಂಕಿಗೆ ಹಿಡಿದರು; ಹಿತ್ತಾಳೆ ಮೇಲೆಲ್ಲ ಬಂಗಾರದಂತೆ ಹರಿಯಿತು. ಕಾರು ಓಡಿತು, ಊರಿನ ನಗುವೂ ನಿಂತಿತು.

ನೋವು ಎದ್ದ ದಿನ ಮೋಟೆಬೆನ್ನೂರು ದಾಟಿದ ಮೇಲೆ ಬೆಸುಗೆ ಬಿಟ್ಟು ಸರಳು ಕಳಚಿ ಕಾರು ಹಳ್ಳಕ್ಕಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಚಕ್ಕಡಿ ಸಿಕ್ಕು ಹಾವೇರಿ ಮುಟ್ಟುವಷ್ಟರಲ್ಲಿ ಮಾತ್ರ ಹೊತ್ತು ಮೀರಿತ್ತು. ಹೆಣ್ಣುಕೂಸು ಅಳಲಿಲ್ಲ.

ಮನೆಗೆ ಬಂದ ಮೇಲೆ ಅನಸೂಯಾಬಾಯಿ ಗೋಡೆ ನೋಡುತ್ತ ಕೇಳಿದರು: "ಅಷ್ಟು ಬೇಡಕೊಂಡಿದ್ದೆ. ಹ್ಯಾಂಗ ಮುರೀತ್ರೀ ಅದು?"

"ತಪ್ಪು ನಂದು," ಎಂದರು ಮಾಸ್ತರರು. "ಅವಸರದಾಗ ಬೆಳಗಾರ ಹಚ್ಚೂದು ಮರ್ತೆ."

"ಮರ್ತ್ರಿ?" ಎಂದು ಒಂದೇ ಮಾತು ಕೇಳಿ ಅವರು ಮಗ್ಗುಲಾದರು. ಅಂದಿನಿಂದ ಊಟಕ್ಕೆ ಬಡಿಸುತ್ತಿದ್ದರು, ಧೋತರ ಒಗೆದು ಮಡಚಿಡುತ್ತಿದ್ದರು, ಗಂಡನ ಜೊತೆ ಮಾತಾಡುತ್ತಿರಲಿಲ್ಲ. ವರುಷ ತುಂಬಿದರೂ ಆಡಲಿಲ್ಲ.

ಮುರಿದ ಸರಳಿನ ಬಾಯಲ್ಲಿ ಸುಟ್ಟ ಎಣ್ಣೆ-ಕುಂಕುಮದ ಕರೆ ನೋಡಿ ಹನೀಫನಿಗೆ ಎಲ್ಲ ಗೊತ್ತಾಗಿತ್ತು. ಒಂದು ದಿನ ತಡೆಯಲಾರದೆ, "ಖರೇ ಹೇಳಿಬಿಡ್ರಿ ಮಾಸ್ತರ್ರ, ಬಾಯಾರು ಮಾತಾಡ್ತಾರ" ಎಂದ.

"ಹೇಳಿದ್ರ ನನ್ನ ಕ್ಷಮಾ ಮಾಡ್ತಾಳ, ಹನೀಫ. ತನ್ನ ತಾ ಮಾಡ್ಕೊಳ್ಳೂದಿಲ್ಲ."

ಮನೆಗೆ ಬಂದರೆ ತಾಟು ಹಾಕಿತ್ತು. ಅನ್ನ ಬಡಿಸಿಟ್ಟು ಅನಸೂಯಾಬಾಯಿ ಒಳಗೆ ಹೋಗಿದ್ದರು. ಮಾಸ್ತರರು ಒಬ್ಬರೇ ಕೂತು ಉಂಡರು.